ಹಿಟ್ಟು ಬಳಿದುಕೊಂಡವ

ಪಂಪು ನನ್ನದೇ. ಹದಿನಾರು ಲೀಟರಿನದು.
ಎಡಭುಜದ ಪಟ್ಟಿ ಹರಿದು ವರ್ಷವಾಯಿತು,
ಸುತಳಿ ಕಟ್ಟಿದ್ದೇನೆ, ಆದರೂ ಜಾರುತ್ತದೆ.
ಚೆಂಡಿಯಾದಿಂದ ಹಾರವಾಡದ ತನಕ
ಯಾರ ಬದನೆಗೆ, ಯಾರ ಬಸಳೆಗೆ, ಯಾರ ದಾಸಾಳಕ್ಕೆ
ಹುಳ ಬಿದ್ದರೂ ನನಗೇ ಫೋನು.
ಟ್ಯಾಂಕಿಗೆ ನೂರೈವತ್ತು. ಔಷಧಿ ಅವರದ್ದು.

ಔಷಧಿ ಎನ್ನುತ್ತೇವೆ ನೋಡಿ,
ಕಾಯುವುದಕ್ಕೂ ಅದೇ ಮಾತು, ಕೊಲ್ಲುವುದಕ್ಕೂ.

ಶನಿವಾರ ತೋಡೂರು, ಬುದವಂತಿಯ ಹಿತ್ತಿಲು.
ಹನ್ನೊಂದು ಪಪ್ಪಾಯಿ ಗಿಡ,
ಹನ್ನೊಂದಕ್ಕೂ ಬಿಳಿ.
ಕಾಯಿಯ ತೊಟ್ಟಿಗೆ, ಎಲೆಯ ಅಡಿಗೆ, ಎಳೆ ಸುಳಿಗೆ
ಯಾರೋ ಅಕ್ಕಿಹಿಟ್ಟು ಮೆತ್ತಿ ಮರೆತುಹೋದ ಹಾಗೆ.
ಮುಟ್ಟಿದರೆ ಅಂಟು. ಕೆಳಗಿನ ಎಲೆಗೆಲ್ಲ ಮಸಿ.
ಇರುವೆಗಳ ಸಾಲು, ಬೆಳಗಿನ ಹಾಲು ಡೇರಿಗೆ ಹೊರಟಂತೆ.

ಹಿಟ್ಟುತಿಗಣೆ. ಪರದೇಶದ್ದು.
ಯಾವ ಹಡಗಿಗೋ, ಯಾವ ಹಣ್ಣಿನ ಪೆಟ್ಟಿಗೆಗೋ ಅಂಟಿ
ಟಿಕೇಟಿಲ್ಲದೆ ಬಂದು ಇಳಿದದ್ದು ಎಂದು
ಗೊಬ್ಬರದಂಗಡಿಯ ರಮಾಕಾಂತ ಹೇಳಿದ್ದ.
ಅದನ್ನೇ ಬುದವಂತಿಗೆ ಒಪ್ಪಿಸಿದೆ.
ಮೊಗೆಬೀಜ ಒಣಹಾಕುತ್ತಿದ್ದವಳು
ತಲೆಯೆತ್ತದೆ ಅಂದಳು:
"ಪಪ್ಪಾಯಿ ಏನು ನಮ್ಮಜ್ಜಿ ಹಡೆದದ್ದೇ ತಮಾ?
ಅದೂ ಹಡಗು ಹತ್ತಿಯೇ ಬಂತಂತೆ.
ಮೆಣಸೂ ಹಾಗೆ, ಗೇರೂ ಹಾಗೆ."

ಉತ್ತರ ಇರಲಿಲ್ಲ. ಹಿಡಿ ಒತ್ತಿ ಗಾಳಿ ತುಂಬಿದೆ.

"ತಡಿ." ಎದ್ದು ಬಂದಳು.
"ಆ ಬಿಳಿಯೊಳಗೆ ಒಂದು ಬಿಳಿ ಉಣ್ತಾ ಅದೆ, ನೋಡು."

ಬಗ್ಗಿದೆ. ಮೊದಲು ಏನೂ ಕಾಣಲಿಲ್ಲ.
ಆಮೇಲೆ ಹಿಟ್ಟಿನ ಒಂದು ಮುದ್ದೆ
ಅರೆಕಾಳಿನಷ್ಟು ಮುಂದೆ ಸರಿಯಿತು.
ಮರಿಹುಳ.
ತಿಂದವರ ಹಿಟ್ಟನ್ನೇ ಮೈಗೆ ಬಳಿದುಕೊಂಡು
ತಿನ್ನಬೇಕಾದವರ ನಡುವೆ ಕೂತಿದೆ.
ಕಾವಲಿನ ಇರುವೆಯೊಂದು ಮೀಸೆಯಿಂದ ತಡವಿ
ನಮ್ಮವನೇ ಎಂದುಕೊಂಡು ದಾಟಿಹೋಯಿತು.
ಅದರ ಬಾಯಿ ನಿಲ್ಲಲಿಲ್ಲ,
ತಿಗಣೆಯ ಮೊಟ್ಟೆಚೀಲಕ್ಕೆ ತಲೆ ತೂರಿಸಿ
ಕಡುಬಿನೊಳಗಿನ ಬೆಲ್ಲ ಹುಡುಕುವ ಮಗುವಿನ ಹಾಗೆ.

ಹೋದ ಸುಗ್ಗಿಯ ಹಗರಣದಲ್ಲಿ
ಇವಳ ಮೈದುನ ನನ್ನ ವೇಷ ಹಾಕಿದ್ದ:
ಬೆನ್ನಿಗೆ ಎಣ್ಣೆಡಬ್ಬಿ, ಬಾಯಿಗೆ ಬಟ್ಟೆ, ಮುಖಕ್ಕೆಲ್ಲ ಹಿಟ್ಟು,
ಬಿದಿರಕೋಲು ಹಿಡಿದು ಕಂಡಕಂಡವರಿಗೆ ನೀರು ಚಿಮುಕಿಸಿ
ಕೊನೆಗೆ ತನಗೇ ಚಿಮುಕಿಸಿಕೊಂಡು ಸತ್ತು ಬಿದ್ದಿದ್ದ.
ಜನ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಎರಡು ವರ್ಷದ ಹಿಂದೆ ಇದೇ ಹಿತ್ತಿಲಿಗೆ
ಮೂರು ಸಲ ಹೊಡೆದದ್ದು ನಾನೇ.
ಮೂರು ಸಲವೂ ಬಿಳಿ ಹೋಯಿತು,
ಮೂರು ಸಲವೂ ದುಪ್ಪಟ್ಟಾಗಿ ಬಂತು.
ಅದರೊಳಗೆ ಎಷ್ಟು ವೇಷದವರಿದ್ದರೋ,
ನನ್ನ ನಳಿಗೆಗೆ ಎಲ್ಲರದೂ ಒಂದೇ ಬಣ್ಣ.

"ಇದು ಎಲ್ಲಿಯದು?"
"ಇಲ್ಲಿಯದೇ. ಮೊದಲು ದಾಸಾಳದ ಮೇಲೆ ಇರ್ತಿತ್ತು,
ಊರ ತಿಗಣೆ ತಿನ್ಕಂಡು.
ಹೊಸ ಊಟ ಬಂತು, ರುಚಿ ಕಲ್ತ್ಕಂಡ್ತು."

ಅಷ್ಟೇ. ಬೀಜದ ಕಡೆ ಹೋದಳು.
ಬಾಡಿಗೆಯ ಮಾತು ಅವಳೂ ಎತ್ತಲಿಲ್ಲ, ನಾನೂ.

ಹೊರಡುವಾಗ ಕಂಡದ್ದು: ಒಣಗಿದ ಎಲೆದಂಟಿಗೆ
ಅಂಟಿಕೊಂಡ ಒಂದು ಕೋಶ, ಹೆಸರುಕಾಳಿನಷ್ಟು.
ಅದಕ್ಕೆ ಮುಖವಿತ್ತು. ಸಾಕ್ಷಾತ್ ಮಂಗನ ಮುಖ:
ಗುಳಿಬಿದ್ದ ಕಣ್ಣು, ಚಪ್ಪಟೆ ಮೂಗು, ಬಿಗಿದ ತುಟಿ.
ಒಳಗೆ ಬೂದು ಬಣ್ಣದ್ದೊಂದು ಪುಟ್ಟ ಚಿಟ್ಟೆ
ರೆಕ್ಕೆ ಹೊಲಿದುಕೊಳ್ಳುತ್ತಿರಬೇಕು.
ಹೊರಗಿನ ಮಂಗ ಮಾತ್ರ
ನನ್ನನ್ನೇ ನೋಡುತ್ತಿತ್ತು.

ಕಲಸಿದ ಹದಿನಾರು ಲೀಟರು ಎಲ್ಲಿ ಚೆಲ್ಲಲಿ?
ಗಜನಿಯಲ್ಲಿ ಸಿಗಡಿಮರಿ. ಬಾವಿಯಲ್ಲಿ ಕುಡಿಯುವ ನೀರು.
ದಾರಿಬದಿಯ ಗಿಡಗಳಲ್ಲಿ ಯಾರ್ಯಾರು
ಯಾವ ವೇಷದಲ್ಲಿದ್ದಾರೋ.
ಹಾರವಾಡದ ಹತ್ತಿರ ಗೇಟು ಹಾಕಿತ್ತು.
ಮಡಗಾಂವ ಕಡೆಯ ರೈಲು ಹೋಗುವ ತನಕ
ನಿಂತೇ ಇದ್ದೆ. ನೆಲ ನಡುಗಿದಾಗೆಲ್ಲ
ಬೆನ್ನಲ್ಲಿ ಅದು ಕುಲುಕುತ್ತಿತ್ತು.